ಬ್ಯಾಂಕಿನ ಪ್ಯಾಕ್‌ಗೆ ಮಗಳು ಹಣ ಕೊಡಬೇಕಾ?

ಪ್ರಶ್ನೆ: ನನ್ನ ಮಗಳು ಅಮೆರಿಕದ ಷಾರ್ಲೆಟ್ ನಗರದಲ್ಲಿ ಒಂದು ದೊಡ್ಡ ಬ್ಯಾಂಕಿನಲ್ಲಿ ಮ್ಯಾನೇಜರ್. ಕಳೆದ ವರ್ಷ ಗ್ರೀನ್ ಕಾರ್ಡ್ ಸಿಕ್ಕಿದೆ. ಈಗ ಬ್ಯಾಂಕಿನಿಂದ ಒಂದು ಇಮೇಲ್ ಬಂದಿದೆಯಂತೆ. ‘ನಮ್ಮ ಪ್ಯಾಕ್‌ಗೆ ಸೇರಿ, ಸಂಬಳದಿಂದ ಪ್ರತಿ ತಿಂಗಳು ಹಣ ಹಿಡಿಯಲು ಒಪ್ಪಿಗೆ ಕೊಡಿ, ನಮ್ಮ ಉದ್ಯಮವನ್ನು ಅರ್ಥ ಮಾಡಿಕೊಳ್ಳುವ ಅಭ್ಯರ್ಥಿಗಳಿಗೆ ಅದನ್ನು ಕೊಡುತ್ತೇವೆ’ ಎಂದಿದೆ. ಬ್ಯಾಂಕಿಗೆ ಅಷ್ಟೊಂದು ಲಾಭ ಇರುವಾಗ ನೌಕರರ ಹಣ ಯಾಕೆ ಬೇಕು? ಕೊಡದಿದ್ದರೆ ಕೆಲಸಕ್ಕೆ ತೊಂದರೆ ಆಗುತ್ತದಾ?
(ಒಬ್ಬ ತಾಯಿ, ಶಿವಮೊಗ್ಗ)

ಉತ್ತರ: ನಿಮ್ಮ ಆತಂಕ ಇರುವುದು ಎರಡನೇ ಪ್ರಶ್ನೆಯಲ್ಲಿ. ಹಾಗಾಗಿ ಅದಕ್ಕೇ ಮೊದಲು ಬರುತ್ತೇನೆ. ಪ್ಯಾಕ್ ಅಂದರೆ ನೌಕರರಂಥವರಿಂದ ಹಣ ಕೂಡಿಸಿ ಚುನಾವಣೆಯ ಅಭ್ಯರ್ಥಿಗಳಿಗೆ ಕೊಡುವ ನಿಧಿ. ಅದಕ್ಕೆ ಕೊಡದಿದ್ದರೆ ನಿಮ್ಮ ಮಗಳ ಕೆಲಸಕ್ಕೆ ಏನೂ ಆಗಬಾರದು. ಹಣ ಕೇಳುವಾಗಲೇ ಮೂರು ವಿಷಯ ತಿಳಿಸಬೇಕು ಅಂತ ಅಲ್ಲಿನ ಕಾನೂನು ಹೇಳುತ್ತದೆ. ಈ ಹಣ ರಾಜಕೀಯಕ್ಕೆ ಹೋಗುತ್ತದೆ. ಕೊಡುವುದು ಬಿಡುವುದು ನಿಮ್ಮಿಷ್ಟ. ಕೊಡದವರ ಮೇಲೆ ಸೇಡು ತೀರಿಸಿಕೊಳ್ಳುವಂತಿಲ್ಲ. ಇಷ್ಟು ಕೊಡಿ ಅಂತ ಮೊತ್ತ ಸೂಚಿಸಿದ್ದರೆ, ಅದು ಬರೀ ಸಲಹೆ, ಹೆಚ್ಚು ಕಡಿಮೆ ಕೊಟ್ಟವರಿಗೆ ಲಾಭವೂ ಇಲ್ಲ ನಷ್ಟವೂ ಇಲ್ಲ ಎಂದೂ ಬರೆದಿರಬೇಕು. ಇದೆಲ್ಲ ಸಾಮಾನ್ಯವಾಗಿ ಇಮೇಲ್‌ನ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ಅದನ್ನು ಪೂರ್ತಿ ಓದಲು ಅವಳಿಗೆ ಹೇಳಿ. ಯಾರಾದರೂ ಒತ್ತಾಯ ಮಾಡಿದರೆ ಅಲ್ಲಿನ ಚುನಾವಣಾ ಆಯೋಗವಾದ ಫೆಡರಲ್ ಎಲೆಕ್ಷನ್ ಕಮಿಷನ್‌ಗೆ ದೂರು ಕೊಡುವ ದಾರಿ ಇದೆ.

ಈಗ ಮೊದಲ ಪ್ರಶ್ನೆ. ಬ್ಯಾಂಕಿನ ಲಾಭ ಎಷ್ಟೇ ಇರಲಿ, ಅದರಿಂದ ಒಂದು ಡಾಲರನ್ನೂ ಫೆಡರಲ್ ಚುನಾವಣೆಯ ಅಭ್ಯರ್ಥಿಗೆ ನೇರವಾಗಿ ಕೊಡುವಂತಿಲ್ಲ. ಫೆಡರಲ್ ಅಂದರೆ ಅಧ್ಯಕ್ಷ, ಸೆನೆಟ್ ಮತ್ತು ಪ್ರತಿನಿಧಿ ಸಭೆಯ ಚುನಾವಣೆಗಳು. ಈ ನಿಷೇಧ ಹುಟ್ಟಿದ್ದರಲ್ಲಿ ಬ್ಯಾಂಕುಗಳ ಪಾತ್ರ ದೊಡ್ಡದು. 1896ರಲ್ಲಿ ವಿಲಿಯಂ ಮೆಕಿನ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ, ಅವರ ಪ್ರಚಾರ ನೋಡಿಕೊಳ್ಳುತ್ತಿದ್ದ ಮಾರ್ಕ್ ಹ್ಯಾನಾ ಬ್ಯಾಂಕುಗಳಿಗೆ ಒಂದು ದರವನ್ನೇ ಗೊತ್ತು ಮಾಡಿದರು. ಬಂಡವಾಳದ ಶೇ 0.25ರಷ್ಟು ಕೊಡಬೇಕು ಅಂತ. ಎದುರಾಳಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಬೆಳ್ಳಿಯ ನಾಣ್ಯ ಬೇಕು ಅನ್ನುತ್ತಿದ್ದರು. ಹಣದ ಬೆಲೆ ಚಿನ್ನಕ್ಕೇ ಕಟ್ಟಿರಬೇಕು ಎಂದು ನಂಬಿದ್ದ ಬ್ಯಾಂಕುಗಳು ಹೆದರಿದ್ದವು, ಕೊಟ್ಟವು. 1904ರ ಚುನಾವಣೆಯಲ್ಲಿ ವಿಮಾ ಕಂಪನಿಗಳೂ ಹೀಗೇ ಹಣ ಕೊಟ್ಟಿದ್ದು ಆಮೇಲೆ ಬಯಲಾಯಿತು. ಪಾಲಿಸಿದಾರರ ಹಣ ಅದು. ಜನ ಸಿಟ್ಟಾದರು. 1907ರಲ್ಲಿ ಟಿಲ್ಮನ್ ಕಾಯ್ದೆ ಬಂತು, ಕಂಪನಿಗಳ ಮತ್ತು ರಾಷ್ಟ್ರೀಯ ಬ್ಯಾಂಕುಗಳ (ಅಂದರೆ ಅಲ್ಲಿನ ಕೇಂದ್ರ ಸರ್ಕಾರದ ಪರವಾನಗಿ ಪಡೆದ ಬ್ಯಾಂಕುಗಳ) ದೇಣಿಗೆ ನಿಂತಿತು. ರಾಷ್ಟ್ರೀಯ ಬ್ಯಾಂಕುಗಳಿಗಂತೂ ರಾಜ್ಯ ಮತ್ತು ಊರಿನ ಚುನಾವಣೆಗಳಲ್ಲೂ ಬಾಗಿಲು ಮುಚ್ಚಿತು. ಅದು ಇವತ್ತಿಗೂ ಮುಚ್ಚೇ ಇದೆ.

ಹಾಗಾಗಿ ಬ್ಯಾಂಕುಗಳು ಪೊಲಿಟಿಕಲ್ ಆಕ್ಷನ್ ಕಮಿಟಿ, ಅಂದರೆ ಪ್ಯಾಕ್ ಅನ್ನುವ ದಾರಿ ಹಿಡಿದವು. ಇದು ಬ್ಯಾಂಕಿನ ಖಾತೆಯಿಂದ ಪೂರ್ತಿ ಬೇರೆಯಾಗಿಟ್ಟ ನಿಧಿ. ನಿಧಿ ನಡೆಸುವ ಸಿಬ್ಬಂದಿಯ ಸಂಬಳ, ಆಫೀಸು, ಇಮೇಲ್ ಖರ್ಚು ಎಲ್ಲವನ್ನೂ ಬ್ಯಾಂಕ್ ಕೊಡಬಹುದು. ಆದರೆ ಅಭ್ಯರ್ಥಿಗೆ ಹೋಗುವ ಹಣ ಮನುಷ್ಯರ ಕೈಯಿಂದಲೇ ಬರಬೇಕು. ಯಾರನ್ನು ಕೇಳಬಹುದು ಎನ್ನುವುದಕ್ಕೂ ಮಿತಿ ಇದೆ: ಷೇರುದಾರರು, ಮ್ಯಾನೇಜರ್ ಮಟ್ಟದ ಮತ್ತು ವೃತ್ತಿಪರ ನೌಕರರು, ಅವರ ಮನೆಯವರು. ಕೌಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯುವವರನ್ನು ವರ್ಷಕ್ಕೆ ಎರಡೇ ಸಲ, ಅದೂ ಮನೆ ವಿಳಾಸಕ್ಕೆ ಪತ್ರ ಬರೆದು ಕೇಳಬಹುದು. ನಿಮ್ಮ ಮಗಳು ಮ್ಯಾನೇಜರ್, ಅದಕ್ಕೇ ಇಮೇಲ್ ಬಂದಿದೆ.

ಒಬ್ಬ ವ್ಯಕ್ತಿ ಒಂದು ಪ್ಯಾಕ್‌ಗೆ ವರ್ಷಕ್ಕೆ ಹೆಚ್ಚೆಂದರೆ 5,000 ಡಾಲರ್ ಕೊಡಬಹುದು. ಇದಕ್ಕೆ ತೆರಿಗೆ ವಿನಾಯಿತಿ ಇಲ್ಲ. ಕೊಟ್ಟ ಹಣವನ್ನು ಬೋನಸ್ ರೂಪದಲ್ಲಿ ಬ್ಯಾಂಕ್ ವಾಪಸ್ ಕೊಟ್ಟರೆ ಅದು ಅಪರಾಧ. ನೀವು ಕೊಟ್ಟಷ್ಟೇ ಹಣವನ್ನು ನಿಮ್ಮ ಆಯ್ಕೆಯ ದತ್ತಿ ಸಂಸ್ಥೆಗೆ ನಾವು ಕೊಡುತ್ತೇವೆ ಅಂತ ಕೆಲವು ಕಂಪನಿಗಳು ಹೇಳುತ್ತವೆ. ಅದಕ್ಕೆ ಅನುಮತಿ ಇದೆ. ನನಗೆ ಮಾತ್ರ ಇದು ಇಷ್ಟವಾಗುವುದಿಲ್ಲ. ಶಾಲೆಗೋ ಆಸ್ಪತ್ರೆಗೋ ಒಳ್ಳೆಯದಾಗಲಿ ಎಂಬ ಆಸೆಯನ್ನು ರಾಜಕೀಯ ದೇಣಿಗೆಗೆ ಗಂಟು ಹಾಕಬಾರದು.

ಪ್ರಶ್ನೆ: ನನ್ನ ಮಗ ನ್ಯೂಜೆರ್ಸಿಯಲ್ಲಿ ಎಚ್-1ಬಿ ವೀಸಾದಲ್ಲಿದ್ದಾನೆ, ಬ್ಯಾಂಕಿನ ಸಾಫ್ಟ್‌ವೇರ್ ವಿಭಾಗದಲ್ಲಿ ಕೆಲಸ. ಸಹೋದ್ಯೋಗಿಗಳೆಲ್ಲ ಪ್ಯಾಕ್‌ಗೆ ಹಣ ಕೊಡುತ್ತಾರಂತೆ. ಅವನೂ ಕೊಡಬಹುದಾ?
(ಓದುಗರು, ಬೆಂಗಳೂರು)

ಉತ್ತರ: ಖಂಡಿತ ಬೇಡ. ಅಮೆರಿಕದ ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇರುವವರು ಮಾತ್ರ ಕೊಡಬಹುದು. ಎಚ್-1ಬಿ, ಎಲ್-1, ಎಚ್-4, ವಿದ್ಯಾರ್ಥಿ ವೀಸಾ, ಯಾವುದರಲ್ಲಿ ಇದ್ದರೂ ದೇಣಿಗೆ ಕೊಡುವಂತಿಲ್ಲ. ಯಾವ ಅಭ್ಯರ್ಥಿಗೆ ಕೊಡಬೇಕು ಎಂಬ ತೀರ್ಮಾನದಲ್ಲೂ ಭಾಗವಹಿಸುವಂತಿಲ್ಲ. ಅಲ್ಲೇ ತೆರಿಗೆ ಕಟ್ಟುತ್ತೇನೆ, ವರ್ಷಗಳಿಂದ ಇದ್ದೇನೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಗ್ರೀನ್ ಕಾರ್ಡಿಗಾಗಿ ಕಾಯುತ್ತಿರುವ ನಮ್ಮ ಹುಡುಗರಿಗೆ ಇದನ್ನು ಸ್ವಲ್ಪ ಜೋರಾಗಿಯೇ ಹೇಳಬೇಕು ಅನ್ನಿಸುತ್ತದೆ. ಎಲ್ಲರೂ ಕ್ಲಿಕ್ ಮಾಡಿದರು ಅಂತ ಸುಮ್ನೆ ಕ್ಲಿಕ್ ಮಾಡಬಾರದು. ಗೊತ್ತಿಲ್ಲದೆ ಈಗಾಗಲೇ ಕೊಟ್ಟಿದ್ದರೆ ಕೂಡಲೇ ಪ್ಯಾಕ್‌ಗೆ ಬರೆದು ಹಣ ವಾಪಸ್ ಪಡೆಯಲಿ, ವಲಸೆ ವಕೀಲರನ್ನೂ ಕೇಳಲಿ.

ಪ್ರಶ್ನೆ: ನಾನು ಎಂ.ಕಾಂ ವಿದ್ಯಾರ್ಥಿ. ಅಮೆರಿಕದ ಬ್ಯಾಂಕಿಂಗ್ ಪ್ಯಾಕ್‌ಗಳು ಅಭ್ಯರ್ಥಿಗಳನ್ನು ಹೇಗೆ ಆರಿಸುತ್ತವೆ? ಹಣ ಕೊಟ್ಟರೆ ತಮಗೆ ಬೇಕಾದ ಕಾನೂನು ಸಿಗುತ್ತದಾ?
(ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಮೊದಲು ಯಾರು ಯಾರು ಇದ್ದಾರೆ ನೋಡೋಣ. ಜೆಪಿ ಮಾರ್ಗನ್ ಚೇಸ್, ವೆಲ್ಸ್ ಫಾರ್ಗೊ, ಬ್ಯಾಂಕ್ ಆಫ್ ಅಮೆರಿಕದಂಥ ದೊಡ್ಡ ಬ್ಯಾಂಕುಗಳಿಗೆ ತಮ್ಮದೇ ಪ್ಯಾಕ್ ಇದೆ. ಸಣ್ಣ ಊರಿನ ಬ್ಯಾಂಕಿಗೆ ಅಷ್ಟು ಶಕ್ತಿ ಇರುವುದಿಲ್ಲ, ಅದು ಸಂಘದ ಮೂಲಕ ಹೋಗುತ್ತದೆ. ಅಮೆರಿಕನ್ ಬ್ಯಾಂಕರ್ಸ್ ಅಸೋಸಿಯೇಷನ್‌ನ ಬ್ಯಾಂಕ್‌ಪ್ಯಾಕ್ ಇದರಲ್ಲಿ ಹೆಸರುವಾಸಿ. ಸಮುದಾಯ ಬ್ಯಾಂಕುಗಳ ಸಂಘಕ್ಕೆ ಬೇರೆ ಪ್ಯಾಕ್ ಇದೆ. ಸದಸ್ಯರೇ ಒಡೆಯರಾದ, ಸಹಕಾರಿ ಬ್ಯಾಂಕಿನಂಥ ಕ್ರೆಡಿಟ್ ಯೂನಿಯನ್‌ಗಳಿಗೆ ಇನ್ನೊಂದು. ತೆರಿಗೆ ವಿನಾಯಿತಿಯ ವಿಷಯದಲ್ಲಿ ಬ್ಯಾಂಕುಗಳಿಗೂ ಕ್ರೆಡಿಟ್ ಯೂನಿಯನ್‌ಗಳಿಗೂ ಹಳೆಯ ಜಗಳ ಇದೆ. ಎರಡೂ ಕಡೆಯ ಚೆಕ್ಕು ಒಬ್ಬನೇ ಸಂಸದನಿಗೆ ಹೋಗುವುದುಂಟು. ಸಂಘದ ಪ್ಯಾಕ್ ಒಂದು ಬ್ಯಾಂಕಿನ ಅಧಿಕಾರಿಗಳನ್ನು ಕೇಳಬೇಕಾದರೆ ಆ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕು. ಒಂದು ಬ್ಯಾಂಕ್ ಒಂದು ವರ್ಷಕ್ಕೆ ಒಂದೇ ಸಂಘಕ್ಕೆ ಹಾಗೆ ಒಪ್ಪಿಗೆ ಕೊಡಬಹುದು. ಹಾಗಾಗಿ ಸಂಘಗಳ ನಡುವೆ ಆ ಒಪ್ಪಿಗೆಗೂ ಪೈಪೋಟಿ.

ಈಗ ಮೊತ್ತ. ಪ್ಯಾಕ್ ನೋಂದಣಿಯಾಗಿ ಆರು ತಿಂಗಳಾಗಿರಬೇಕು, 50ಕ್ಕೂ ಹೆಚ್ಚು ಜನ ಹಣ ಕೊಟ್ಟಿರಬೇಕು, ಕನಿಷ್ಠ ಐದು ಫೆಡರಲ್ ಅಭ್ಯರ್ಥಿಗಳಿಗೆ ಅದು ದೇಣಿಗೆ ಕೊಟ್ಟಿರಬೇಕು. ಅಂಥ ಪ್ಯಾಕ್ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 5,000 ಡಾಲರ್ ಕೊಡಬಹುದು. ಪಕ್ಷದೊಳಗಿನ ಪ್ರೈಮರಿ ಒಂದು ಚುನಾವಣೆ, ನವೆಂಬರ್‌ನದು ಇನ್ನೊಂದು. ಒಟ್ಟು 10,000. ರಾಷ್ಟ್ರೀಯ ಪಕ್ಷದ ಸಮಿತಿಗೆ ವರ್ಷಕ್ಕೆ 15,000. ಇದರ ಜೊತೆಗೆ ಅನೇಕ ಸಂಸದರು ‘ಲೀಡರ್‌ಶಿಪ್ ಪ್ಯಾಕ್’ ಅಂತ ಸ್ವಂತದ್ದೊಂದು ಇಟ್ಟುಕೊಂಡಿರುತ್ತಾರೆ, ಅದಕ್ಕೂ ವರ್ಷಕ್ಕೆ 5,000 ಕೊಡಬಹುದು. ಬ್ಯಾಂಕಿಂಗ್ ಪ್ಯಾಕ್‌ಗಳಿಗೆ ಈ ಬಾಗಿಲು ಚೆನ್ನಾಗಿ ಗೊತ್ತು.

ಅಭ್ಯರ್ಥಿಗೆ 5,000 ಎಂಬ ಮಿತಿಯನ್ನು 1974ರ ತಿದ್ದುಪಡಿಯಲ್ಲಿ ಹಾಕಿದ್ದು. ಬೆಲೆಗಳು ಅಲ್ಲಿಂದ ಐದು ಪಟ್ಟಿಗೂ ಜಾಸ್ತಿ ಏರಿವೆ, ಮಿತಿ ಮಾತ್ರ ಅಲ್ಲೇ ನಿಂತಿದೆ. ಒಂದು ಸೆನೆಟ್ ಸ್ಥಾನಕ್ಕೆ ಹತ್ತಾರು ಕೋಟಿ ಡಾಲರ್ ಸುರಿಯುವ ಈ ಕಾಲದಲ್ಲಿ 10,000 ಡಾಲರ್‌ನಿಂದ ಯಾರೂ ಗೆಲ್ಲುವುದಿಲ್ಲ, ಸೋಲುವುದೂ ಇಲ್ಲ. ಹಾಗಾದರೆ ಬ್ಯಾಂಕುಗಳು ಯಾಕೆ ಕೊಡುತ್ತವೆ? ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲಿದೆ. ಅವು ಗೆಲ್ಲಿಸಲು ಕೊಡುವುದಕ್ಕಿಂತ ಹೆಚ್ಚಾಗಿ ಗೆದ್ದವರ ಜೊತೆ ಮಾತಾಡಲು ಕೊಡುತ್ತವೆ.

ಯಾರಿಗೆ ಹೋಗುತ್ತದೆ ನೋಡಿದರೆ ಇದು ಕಾಣುತ್ತದೆ. ಪ್ರತಿನಿಧಿ ಸಭೆಯ ಹಣಕಾಸು ಸೇವೆಗಳ ಸಮಿತಿ, ಸೆನೆಟ್‌ನ ಬ್ಯಾಂಕಿಂಗ್ ಸಮಿತಿ, ಇವುಗಳ ಸದಸ್ಯರಿಗೆ ಮೊದಲ ಪಾಲು. ಯಾಕೆಂದರೆ ಬ್ಯಾಂಕಿನ ಪ್ರತಿ ಮಸೂದೆಯೂ ಅವರ ಮೇಜಿಗೆ ಬರಬೇಕು. ಹೊಸಬರಿಗಿಂತ ಈಗಾಗಲೇ ಕುರ್ಚಿಯಲ್ಲಿರುವವರಿಗೆ ಜಾಸ್ತಿ. ರಿಪಬ್ಲಿಕನ್, ಡೆಮಾಕ್ರಟ್ ಎರಡೂ ಪಕ್ಷಕ್ಕೆ ಹೋಗುತ್ತದೆ, ಬಹುಮತ ಯಾರ ಕೈಯಲ್ಲಿದೆಯೋ ಅತ್ತ ತಕ್ಕಡಿ ವಾಲುತ್ತದೆ. ಪ್ಯಾಕ್‌ನ ಮಂಡಳಿ ಕೂತು ಆ ಸಂಸದನ ಕ್ಷೇತ್ರದಲ್ಲಿ ನಮ್ಮ ಶಾಖೆ ಎಷ್ಟಿವೆ, ಹಿಂದೆ ಹೇಗೆ ಮತ ಹಾಕಿದ್ದಾನೆ, ನಮ್ಮವರ ಫೋನಿಗೆ ಸಿಗುತ್ತಾನಾ ಅಂತ ನೋಡುತ್ತದೆ. ಚೆಕ್ಕನ್ನು ಅಂಚೆಯಲ್ಲಿ ಕಳಿಸುವುದಕ್ಕಿಂತ ವಾಷಿಂಗ್ಟನ್‌ನ ಬೆಳಗಿನ ತಿಂಡಿಯ ಸಭೆಯಲ್ಲೋ ಸಂಸದನ ಊರಿನ ಸಮಾರಂಭದಲ್ಲೋ ಎದುರಿಗೆ ಕೂತು ಕೊಡುವುದನ್ನು ಲಾಬಿ ಮಾಡುವವರು ಇಷ್ಟಪಡುತ್ತಾರೆ. ಚುನಾವಣೆ ಮುಗಿದ ಮೇಲೆ ಪ್ರಚಾರದ ಸಾಲ ತೀರಿಸಲು ಹಣ ಕೊಡುವುದೂ ಉಂಟು. ಫಲಿತಾಂಶ ಗೊತ್ತಾದ ಮೇಲೆ ಕೊಡುವ ಹಣದ ಉದ್ದೇಶದಲ್ಲಿ ಅನುಮಾನವೇ ಬೇಡ, ಅಲ್ವಾ?

ಮಾತಾಡುವ ಅವಕಾಶ ನಿಜವಾಗಿ ಸಿಗುತ್ತದೆ ಎಂಬುದಕ್ಕೆ ಆಧಾರ ಇದೆ. 2016ರಲ್ಲಿ ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ ಎಂಬ ಇಬ್ಬರು ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 191 ಸಂಸದರ ಕಚೇರಿಗಳಿಗೆ ಭೇಟಿಗೆ ಸಮಯ ಕೇಳಲಾಯಿತು. ಕೆಲವರಿಗೆ ‘ಬರುವವರು ಮತದಾರರು’ ಎಂದು ಹೇಳಿದರು, ಕೆಲವರಿಗೆ ‘ದೇಣಿಗೆ ಕೊಟ್ಟವರು’ ಎಂದು. ದೇಣಿಗೆಯ ಮಾತು ಬಂದಾಗ ಸಂಸದರೋ ಹಿರಿಯ ಸಿಬ್ಬಂದಿಯೋ ಸಿಕ್ಕಿದ್ದು ಮೂರರಿಂದ ನಾಲ್ಕು ಪಟ್ಟು ಜಾಸ್ತಿ. ಅದು ಬ್ಯಾಂಕುಗಳ ಬಗ್ಗೆ ಮಾಡಿದ ಪ್ರಯೋಗ ಅಲ್ಲ. ಆದರೆ ಹಣಕ್ಕೂ ಬಾಗಿಲಿಗೂ ಇರುವ ನಂಟನ್ನು ಅದು ತೋರಿಸಿತು.

ಬಾಗಿಲು ತೆರೆದರೆ ಕಾನೂನು ಸಿಗುತ್ತದಾ? ಇಲ್ಲಿ ನಿಧಾನವಾಗಿ ಯೋಚಿಸಬೇಕು. 2018ರ ಉದಾಹರಣೆ ನೋಡಿ. 2008ರ ಕುಸಿತದ ನಂತರ, 2010ರಲ್ಲಿ ಬಂದ ಡಾಡ್-ಫ್ರಾಂಕ್ ಕಾಯ್ದೆ 5,000 ಕೋಟಿ ಡಾಲರ್‌ಗಿಂತ ದೊಡ್ಡ ಬ್ಯಾಂಕುಗಳ ಮೇಲೆ ಬಿಗಿ ಕಣ್ಣಿಟ್ಟಿತ್ತು. 2018ರಲ್ಲಿ ಸಂಸತ್ತು ಆ ಗೆರೆಯನ್ನು 25,000 ಕೋಟಿ ಡಾಲರ್‌ಗೆ ಏರಿಸಿತು. ಸೆನೆಟ್‌ನಲ್ಲಿ 67 ಜನ ಪರ, 31 ಜನ ವಿರುದ್ಧ. ಎರಡೂ ಪಕ್ಷದವರು ಪರವಾಗಿ ಮತ ಹಾಕಿದ್ದರು. ಸಣ್ಣ ಬ್ಯಾಂಕುಗಳಿಗೆ ಅಷ್ಟು ಕಾಗದಪತ್ರದ ಹೊರೆ ಬೇಡ ಎನ್ನುವ ವಾದ ಊರೂರಿನ ಬ್ಯಾಂಕರ್‌ಗಳಿಂದ ಬಂದಿತ್ತು, ಅದರಲ್ಲಿ ನ್ಯಾಯವೂ ಇತ್ತು. ಆದರೆ ಅದೇ ಕಾನೂನಿನಿಂದ ದೊಡ್ಡ ಪ್ರಾದೇಶಿಕ ಬ್ಯಾಂಕುಗಳಿಗೂ ಸಡಿಲ ಸಿಕ್ಕಿತು. 2023ರ ಮಾರ್ಚ್‌ನಲ್ಲಿ ಕುಸಿದ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಆಸ್ತಿ ಸುಮಾರು 20,900 ಕೋಟಿ ಡಾಲರ್. ಅಂದರೆ ಹೊಸ ಗೆರೆಯ ಕೆಳಗೆ, ಹಳೆಯ ಗೆರೆಯ ಎಷ್ಟೋ ಮೇಲೆ. ಇಷ್ಟಕ್ಕೇ ಪ್ಯಾಕ್ ಹಣ 2018ರ ಕಾನೂನನ್ನು ಕೊಂಡುಕೊಂಡಿತು ಎನ್ನಲಾಗದು. ಮತ ಹಾಕಿದವರಲ್ಲಿ ತಮ್ಮ ರಾಜ್ಯದ ಸಣ್ಣ ಬ್ಯಾಂಕುಗಳ ಬಗ್ಗೆ ನಿಜವಾದ ಕಾಳಜಿ ಇದ್ದವರೂ ಇದ್ದರು. ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಠೇವಣಿದಾರರಿಗೆ, ಸಾಲಗಾರರಿಗೆ ಒಂದು ಪ್ಯಾಕ್ ಇರಲಿಲ್ಲ. ಆ ತಿಂಡಿಯ ಸಭೆಗಳಲ್ಲಿ ಅವರ ಪರವಾಗಿ ಯಾರು ಕೂತಿದ್ದರು?

ಪ್ಯಾಕ್ ಹಣ ಬ್ಯಾಂಕಿನ ಹೆಸರಿಗೂ ಅಂಟಿಕೊಳ್ಳುತ್ತದೆ. 2021ರ ಜನವರಿ 6ರಂದು ಸಂಸತ್ ಭವನದ ಮೇಲೆ ದಾಳಿ ನಡೆದ ಮೇಲೆ ಜೆಪಿ ಮಾರ್ಗನ್, ಸಿಟಿ ಮುಂತಾದ ಬ್ಯಾಂಕುಗಳು ಪ್ಯಾಕ್ ದೇಣಿಗೆಯನ್ನು ಕೆಲ ಕಾಲ ನಿಲ್ಲಿಸಿದವು. ಜೆಪಿ ಮಾರ್ಗನ್ ಅದೇ ವರ್ಷದ ಮಧ್ಯದಲ್ಲಿ ಮತ್ತೆ ಶುರು ಮಾಡಿತು.

ದೊಡ್ಡ ಹಣ ಈಗ ಬೇರೆ ಕಡೆ ಹರಿಯುತ್ತಿದೆ ಎಂಬುದನ್ನೂ ತಿಳಿದಿರಿ. 2010ರ ಕೋರ್ಟ್ ತೀರ್ಪುಗಳ ನಂತರ ಸೂಪರ್ ಪ್ಯಾಕ್‌ಗಳು ಬಂದವು. ಅವು ಅಭ್ಯರ್ಥಿಗೆ ಹಣ ಕೊಡುವಂತಿಲ್ಲ, ಆದರೆ ಸ್ವತಂತ್ರವಾಗಿ ಜಾಹೀರಾತಿಗೆ ಎಷ್ಟು ಬೇಕಾದರೂ ಸುರಿಯಬಹುದು, ಕಂಪನಿಗಳಿಂದಲೂ ಹಣ ಪಡೆಯಬಹುದು. 2024ರಲ್ಲಿ ಸೆನೆಟ್ ಬ್ಯಾಂಕಿಂಗ್ ಸಮಿತಿಯ ಅಧ್ಯಕ್ಷರಾಗಿದ್ದ ಶೆರಾಡ್ ಬ್ರೌನ್ ಓಹಾಯೋದಲ್ಲಿ ಸೋತರು. ಅವರ ವಿರುದ್ಧ ಕ್ರಿಪ್ಟೊ ಉದ್ಯಮದ ಫೇರ್‌ಶೇಕ್ ಸೂಪರ್ ಪ್ಯಾಕ್ ಬಳಗ ಸುಮಾರು 4 ಕೋಟಿ ಡಾಲರ್ ಖರ್ಚು ಮಾಡಿತು. ಬ್ಯಾಂಕಿನ ಪ್ಯಾಕ್ ಒಬ್ಬ ಅಭ್ಯರ್ಥಿಗೆ ಕೊಡಬಹುದಾದ 10,000 ಡಾಲರನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಪ್ರಶ್ನೆ: ನಮ್ಮ ದೇಶದಲ್ಲೂ ಹೀಗೇನಾ? (ನಿವೃತ್ತ ಬ್ಯಾಂಕ್ ನೌಕರರು, ಉಡುಪಿ)

ಉತ್ತರ: ಇಲ್ಲ, ಹೆಚ್ಚು ಕಡಿಮೆ ಉಲ್ಟಾ. ನಮ್ಮ ಕಂಪನಿ ಕಾಯ್ದೆಯ 182ನೇ ಸೆಕ್ಷನ್ ಪ್ರಕಾರ, ಮೂರು ವರ್ಷ ಪೂರೈಸಿದ ಖಾಸಗಿ ಕಂಪನಿಯು ಆಡಳಿತ ಮಂಡಳಿಯ ನಿರ್ಣಯದ ಮೇಲೆ ತನ್ನ ಖಾತೆಯಿಂದಲೇ ರಾಜಕೀಯ ಪಕ್ಷಕ್ಕೆ ಕೊಡಬಹುದು. ಸರ್ಕಾರಿ ಕಂಪನಿಗಳು ಕೊಡುವಂತಿಲ್ಲ. 2024ರ ಫೆಬ್ರವರಿ 15ರಂದು ಚುನಾವಣಾ ಬಾಂಡನ್ನು ರದ್ದು ಮಾಡಿದ ಸುಪ್ರೀಂ ಕೋರ್ಟ್, ಕಂಪನಿ ದೇಣಿಗೆಗೆ ಮಿತಿಯೇ ಇಲ್ಲದಂತೆ ಮಾಡಿದ್ದ ತಿದ್ದುಪಡಿಯನ್ನೂ ತೆಗೆದುಹಾಕಿತು. ಹಾಗಾಗಿ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 7.5ರ ಮಿತಿ ಮತ್ತೆ ಬಂತು. ನೌಕರರ ಸಂಬಳದಿಂದ ಹಿಡಿದು ಅಭ್ಯರ್ಥಿಗೆ ಕೊಡುವ ಪ್ಯಾಕ್‌ನಂಥ ಏರ್ಪಾಡು ನಮ್ಮಲ್ಲಿಲ್ಲ.

ಪ್ರಶ್ನೆ: (ಶಿವಮೊಗ್ಗದ ತಾಯಿಯೇ ಮತ್ತೆ) ಕೊಟ್ಟರೆ ಅವಳ ಹೆಸರು ಹೊರಗೆ ಬರುತ್ತದಾ? ಹಣ ಎಲ್ಲಿಗೆ ಹೋಯಿತು ಅಂತ ತಿಳಿಯುವುದು ಹೇಗೆ?

ಉತ್ತರ: ಒಂದು ವರ್ಷದಲ್ಲಿ 200 ಡಾಲರ್ ದಾಟಿದರೆ ಅವಳ ಹೆಸರು, ವಿಳಾಸ, ಉದ್ಯೋಗ, ಬ್ಯಾಂಕಿನ ಹೆಸರು ಫೆಡರಲ್ ಎಲೆಕ್ಷನ್ ಕಮಿಷನ್‌ನ ದಾಖಲೆಗೆ ಹೋಗುತ್ತದೆ, ಯಾರು ಬೇಕಾದರೂ ನೋಡಬಹುದು. ಆ ಪಟ್ಟಿಯನ್ನು ವ್ಯಾಪಾರಕ್ಕೋ ಮತ್ತೆ ಚಂದಾ ಕೇಳಲಿಕ್ಕೋ ಬಳಸುವಂತಿಲ್ಲ. ಅದೇ ದಾಖಲೆಯಲ್ಲಿ ಪ್ಯಾಕ್ ಯಾರಿಗೆ ಎಷ್ಟು ಕೊಟ್ಟಿತು ಎಂಬುದೂ ಇದೆ. ಕಮಿಷನ್‌ನ ವೆಬ್‌ಸೈಟಿನಲ್ಲಿ ಬ್ಯಾಂಕಿನ ಹೆಸರು ಹಾಕಿದರೆ ಸಾಕು. ಪ್ಯಾಕ್‌ನ ಅಧಿಕೃತ ಹೆಸರಿನಲ್ಲಿ ಬ್ಯಾಂಕಿನ ಹೆಸರು ಇರಲೇಬೇಕು ಎಂಬ ನಿಯಮ ಇರುವುದರಿಂದ ಹುಡುಕುವುದು ಕಷ್ಟವಲ್ಲ. ಒಪ್ಪಿಗೆ ಕೊಡುವ ಮೊದಲು ಕಳೆದ ಎರಡು ವರ್ಷದ ಪಟ್ಟಿ ತೆಗೆದು ನೋಡಲಿ. ಅವಳು ಮೆಚ್ಚದ ಎಷ್ಟು ಹೆಸರು ಅದರಲ್ಲಿವೆ, ತನ್ನ ಹಣ ಇಂಥವರಿಗೆ ಬೇಡ ಅಂತ ಹೇಳುವ ಅವಕಾಶ ಇದೆಯಾ, ಇದ್ದರೆ ಹೇಗೆ ಅಂತ ಕೇಳಲಿ. ಬಹಳಷ್ಟು ಕಡೆ ತೀರ್ಮಾನ ಮಂಡಳಿಯದ್ದೇ. ಅಷ್ಟು ತಿಳಿದ ಮೇಲೂ ಕೊಡಬೇಕು ಅನ್ನಿಸಿದರೆ ಸಣ್ಣ ಮೊತ್ತದಿಂದ ಶುರು ಮಾಡಲಿ. ಸಂಬಳದಿಂದ ಹಿಡಿಯುವ ಒಪ್ಪಿಗೆಯನ್ನು ಅವಳು ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು.