ಮೂರು ಜಿಲ್ಲೆ ಕಂಡ ಬೋರ್ಡು

ಕುಂಬಳೆ ಅಂದ ಕೂಡಲೇ ನೀವು ಅನಿಲ್ ಕುಂಬ್ಳೆ ಹೆಸರು ಹೇಳಿದಿರಿ. ಹೊರಗಿನವರು ಹೆಚ್ಚಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ. ಹೌದು, ಆ ಮನೆತನದ ಹೆಸರು ನಮ್ಮ ಊರಿನದ್ದೇ. ಆಮೇಲೆ ನೀವು ಕೇಳಿದ್ದು, ಕೇರಳದಲ್ಲಿ ಹುಟ್ಟಿ ಬೆಳೆದ ನಿಮಗೆ ಕನ್ನಡ ಎಲ್ಲಿ ಸಿಕ್ಕಿತು ಅಂತ. ಮನೆಯಲ್ಲಿ, ಶಾಲೆಯಲ್ಲಿ ಅಂತ ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಆದರೆ ನಮ್ಮ ಪೇಟೆಯ ಅಂಗಡಿಗಳನ್ನು ಬಿಟ್ಟು ಆ ಉತ್ತರ ಪೂರ್ತಿ ಆಗುವುದಿಲ್ಲ.

ಮೊದಲು ಜಾಗ ಹೇಳುತ್ತೇನೆ. ಮಂಗಳೂರಿನಿಂದ ದಕ್ಷಿಣಕ್ಕೆ ಹೊರಟರೆ ತಲಪಾಡಿಯಲ್ಲಿ ಗಡಿ. ಆಮೇಲೆ ಮಂಜೇಶ್ವರ, ಉಪ್ಪಳ, ನಂತರ ಕುಂಬಳೆ. ಇನ್ನೂ ಮುಂದೆ ಹೋದರೆ ಕಾಸರಗೋಡು ಪೇಟೆ. ಒಂದು ಕಡೆ ರೈಲು ಹಳಿ, ಅದರಾಚೆ ಸಮುದ್ರ. ಇನ್ನೊಂದು ಕಡೆ ಬದಿಯಡ್ಕಕ್ಕೆ ಹೋಗುವ ರಸ್ತೆ. ಆ ರಸ್ತೆ ಒಳಗೊಳಗೆ ಹೋದಂತೆ ಅಡಿಕೆ ತೋಟಗಳೇ ತೋಟಗಳು. ನಮ್ಮ ಮನೆ ಆ ದಾರಿಯಲ್ಲಿ. ತಿಂಗಳಿಗೆ ಒಂದೆರಡು ಸಲ ಅಪ್ಪ ಪೇಟೆಗೆ ಹೊರಟಾಗ ನಾನೂ ಚೀಲ ಹಿಡಿದು ಹಿಂದೆ ಹೋಗುತ್ತಿದ್ದೆ.

ಮೊದಲು ಹೋಗುತ್ತಿದ್ದದ್ದು ಜೀನಸಿನ ಅಂಗಡಿಗೆ. ಅದನ್ನು ನಡೆಸುತ್ತಿದ್ದವರು ಕೊಂಕಣಿಯವರು. ನಾವು ಮಕ್ಕಳು ಅವರನ್ನು ಮಾಮ್ ಅಂತಲೇ ಕರೆಯುತ್ತಿದ್ದೆವು. ಮರದ ಹಲಗೆಗಳನ್ನು ಒಂದೊಂದಾಗಿ ತೆಗೆದು ತೆರೆಯುವ ಅಂಗಡಿ ಅದು. ಒಳಗೆ ಒಣಮೆಣಸು, ಬೆಲ್ಲ, ತೆಂಗಿನೆಣ್ಣೆ, ಗೋಣಿ, ಎಲ್ಲ ಸೇರಿದ ಒಂದು ವಾಸನೆ. ಅದು ಈಗಲೂ ನನ್ನ ಮೂಗಿನಲ್ಲಿದೆ. ಮೇಲೆ ತೂಗುತ್ತಿದ್ದ ಉಂಡೆಯಿಂದ ದಾರ ಎಳೆದು, ಪೊಟ್ಟಣಕ್ಕೆ ಎರಡು ಸುತ್ತು ಸುತ್ತಿ, ಬೆರಳಲ್ಲೇ ಪಟಕ್ಕನೆ ತುಂಡು ಮಾಡುತ್ತಿದ್ದರು. ಲೆಕ್ಕ ಮುಗಿದ ಮೇಲೆ ನನ್ನ ಕೈಗೆ ಒಂದು ತುಂಡು ಬೆಲ್ಲ.

ಪೊಟ್ಟಣದ ಕಾಗದ ಹಳೆ ಪೇಪರಿನದ್ದು. ಒಂದರಲ್ಲಿ ಕನ್ನಡ, ಇನ್ನೊಂದರಲ್ಲಿ ಮಲಯಾಳಂ. ಮನೆಗೆ ಬಂದು ಸಾಮಾನು ಡಬ್ಬಿಗೆ ತುಂಬಿದ ಮೇಲೆ ಅಜ್ಜಿ ಆ ಕಾಗದಗಳನ್ನು ಸವರಿ ನೇರ ಮಾಡಿ ಇಡುತ್ತಿದ್ದರು. ಕನ್ನಡದ್ದನ್ನು ನಾನು ಜೋರಾಗಿ ಓದಬೇಕಿತ್ತು. ಕೊತ್ತಂಬರಿ ಪುಡಿ ಅಂಟಿದ ಅರ್ಧ ಸುದ್ದಿ, ಕೊನೆ ಏನಾಯಿತು ಅಂತ ಗೊತ್ತೇ ಆಗುತ್ತಿರಲಿಲ್ಲ. ಮಲಯಾಳಂ ಕಾಗದದ ಚಿತ್ರ ಮಾತ್ರ ನೋಡುತ್ತಿದ್ದೆ. ಆ ಅಕ್ಷರ ಕಲಿತದ್ದು ಬಸ್ಸಿನ ಬೋರ್ಡಿನಿಂದ. ಬದಿಯಡ್ಕದ ಬಸ್ಸು ಯಾವುದು, ಕಾಸರಗೋಡಿನದ್ದು ಯಾವುದು ಅಂತ ತಿಳಿಯಬೇಕಲ್ವಾ? ಮೊದಲು ಬಣ್ಣ ನೋಡಿ ಹತ್ತುತ್ತಿದ್ದೆವು. ಆಮೇಲೆ ಅಕ್ಷರದ ಆಕಾರ ನೆನಪಿಟ್ಟುಕೊಂಡೆವು. ಯಾರೂ ಕಲಿಸದೆ ಒಂದು ದಿನ ಓದಲು ಬಂದೇಬಿಟ್ಟಿತು.

ಅಡಿಕೆ ಅಂಗಡಿಯಲ್ಲಿ ಮಾತೆಲ್ಲ ತುಳು. ವ್ಯಾಪಾರಿ ಗೋಣಿಯೊಳಗೆ ಮೊಣಕೈವರೆಗೆ ಕೈ ಹಾಕಿ, ಅಡಿಯಿಂದ ಒಂದು ಹಿಡಿ ತೆಗೆದು, ಒಂದೊಂದನ್ನು ಅಡಕತ್ತರಿಯಲ್ಲಿ ತುಂಡು ಮಾಡಿ ನೋಡುತ್ತಿದ್ದ. ಒಳಗೆ ಬಿಳಿ ಇದ್ದರೆ ಒಳ್ಳೆ ಚಾಲಿ, ಅಂದರೆ ಬಿಸಿಲಿನಲ್ಲಿ ಒಣಗಿಸಿ ಸುಲಿದ ಅಡಿಕೆ. ಹೊಸತು, ಹಳತು ಬೇರೆ ಬೇರೆ ರಾಶಿ. ಕಡಿಮೆ ದರ್ಜೆಯದ್ದನ್ನು ಪಟೋರ, ಕೋಕ, ಕರಿಗೋಟು ಅಂತ ಆರಿಸಿ ಬದಿಗೆ ಹಾಕುವಾಗ ಅಪ್ಪನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ವರ್ಷದ ಅಕ್ಕಿ, ಬಟ್ಟೆ, ಶಾಲೆಯ ಖರ್ಚು ಎಲ್ಲ ಆ ರಾಶಿಯ ಮೇಲೇ ನಿಂತಿತ್ತು. 1970ರ ಸುಮಾರಿಗೆ ಅಡಿಕೆ ಧಾರಣೆ ಕುಸಿದು ತೋಟದವರು ಕಂಗಾಲಾಗಿದ್ದರು. ಅದರ ನಂತರ 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಮಂಗಳೂರಿನಲ್ಲಿ ಮುಖ್ಯ ಕಚೇರಿ, ಕರ್ನಾಟಕ ಮತ್ತು ಕೇರಳ ಎರಡೂ ಕಡೆಯ ಬೆಳೆಗಾರರು ಸದಸ್ಯರು. ಗಡಿಯ ಎರಡೂ ಬದಿಯವರನ್ನು ಒಂದೇ ತಕ್ಕಡಿಗೆ ತಂದದ್ದು ಅಂತ ಅಪ್ಪ ಅದರ ಬಗ್ಗೆ ಯಾವಾಗಲೂ ಗೌರವದಿಂದ ಹೇಳುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತದೆ.

ಅಲ್ಲಿಂದ, ನಾವು ಕಾಕ ಅಂತ ಕರೆಯುತ್ತಿದ್ದ ಮಲಯಾಳಂ ಮಾತಿನ ಹಿರಿಯರ ಚಾ ಅಂಗಡಿ. ಕಣ್ಣಾಡಿ ಕಪಾಟಿನಲ್ಲಿ ಬನ್ಸ್, ಕಲ್ತಪ್ಪ, ಕೆಳಗೆ ಗೋಲಿ ಸೋಡ. "ಚಾಯ ಬೇಣಾ?" ಅಂತ, ಅಂದರೆ ಚಾ ಬೇಕಾ ಅಂತ, ಕಾಕ ಕೇಳುತ್ತಿದ್ದರು. ಇದನ್ನು ನೀವು ಗಮನಿಸಬೇಕು. ತೆಂಕಣ ಕೇರಳದವರು ವೇಣೋ ಅನ್ನುತ್ತಾರೆ. ನಮ್ಮ ಕಡೆ ಮಲಯಾಳಂನಲ್ಲಿ ವಕಾರ ಬಕಾರ ಆಗುತ್ತದೆ. ವೇಣಂ ಬೇಣಂ, ವಾ ಬಾ. ಹಾಗಾಗಿ ಕಾಕ ಬಾ ಅಂದರೆ ಅದು ಕನ್ನಡವೋ ಮಲಯಾಳವೋ ಅಂತ ಕೇಳುವ ಹಾಗೇ ಇರಲಿಲ್ಲ. ಮಾಮ್ "ಯೋ, ಬೈಸ" ಅನ್ನುತ್ತಿದ್ದರು. ಅಡಿಕೆಯವರು "ಬಲೆ, ಕುಳ್ಳುಲೆ" ಅನ್ನುತ್ತಿದ್ದರು. ಎಲ್ಲದಕ್ಕೂ ಅರ್ಥ ಒಂದೇ, ಬನ್ನಿ ಕೂತುಕೊಳ್ಳಿ. ಅಪ್ಪ ಮಾತ್ರ ಎಲ್ಲ ಕಡೆ ಸ್ವಲ್ಪ ಆ ಭಾಷೆ, ಸ್ವಲ್ಪ ಕನ್ನಡ ಬೆರೆಸಿ ಮಾತಾಡುತ್ತಿದ್ದರು. ಅಂಗಡಿಯವರೂ ಅಷ್ಟೇ. ನಮಗೆ ಇದು ವಿಶೇಷ ಅನ್ನಿಸಿದ್ದೇ ಇಲ್ಲ. ಬೇರೆ ಊರಿಗೆ ಹೋದ ಮೇಲೇ ಗೊತ್ತಾದದ್ದು, ಎಲ್ಲ ಊರು ಹೀಗಿರುವುದಿಲ್ಲ ಅಂತ.

ಎಲ್ಲವೂ ಸುಖವಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಒಂದು ಸಲ ಹೊಸ ರೇಶನ್ ಕಾರ್ಡು ಬಂತು. ಪೂರ್ತಿ ಮಲಯಾಳಂ. ಅಜ್ಜಿ ಕನ್ನಡ ಚೆನ್ನಾಗಿ ಓದುತ್ತಿದ್ದರು, ಸಂಜೆ ಭಾರತ ಓದುವವರು. ಆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ತಮ್ಮ ಹೆಸರು ಯಾವ ಸಾಲಿನಲ್ಲಿದೆ ಅಂತ ಗೊತ್ತಾಗಲಿಲ್ಲ. ಮರುದಿನ ಪೇಟೆಗೆ ಹೋದಾಗ ಅದನ್ನು ಸೆರಗಿನಲ್ಲಿ ಸುತ್ತಿ ತಂದು ಕಾಕನ ಅಂಗಡಿ ಜಗಲಿಯಲ್ಲಿ ಕೂತರು. ಕಾಕ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ನಿಂತು, ಬೆರಳಿಟ್ಟು ಒಂದೊಂದೇ ಹೆಸರು ಓದಿ ಹೇಳಿದರು. ಅಜ್ಜಿಯ ಹೆಸರು ತಪ್ಪಾಗಿತ್ತು. "ಇದು ನಾನಲ್ಲ" ಅಂದರು ಅಜ್ಜಿ, ಮೆಲ್ಲಗೆ. ಆ ದನಿ ನಾನು ಮರೆತಿಲ್ಲ. ಓದು ಬರಹ ಬಲ್ಲ ಹೆಂಗಸನ್ನು ಒಂದು ಕಾಗದ ಓದು ಬಾರದವಳನ್ನಾಗಿ ಮಾಡಿತ್ತು. ಗಡಿನಾಡಿನ ಕಷ್ಟ ಏನು ಅಂತ ಯಾರಾದರೂ ಕೇಳಿದರೆ ನನಗೆ ಸಭೆ, ಭಾಷಣ ನೆನಪಾಗುವುದಿಲ್ಲ. ಆ ಜಗಲಿ ನೆನಪಾಗುತ್ತದೆ. ಪಕ್ಕದಲ್ಲಿ ನಿಂತಿದ್ದ ಕಾಕನೂ ನೆನಪಾಗುತ್ತಾರೆ.

ಪೇಟೆಯ ಗುರುತುಗಳು ಅಂದರೆ ಕಣಿಪುರ ಗೋಪಾಲಕೃಷ್ಣ ದೇವಸ್ಥಾನ, ಅದರ ಎದುರಿನ ಬಯಲು. ಜನವರಿಯ ಜಾತ್ರೆಯಲ್ಲಿ ಕುಂಬಳೆ ಬೆಡಿ. ಬೆಡಿ ಅಂದರೆ ಸಿಡಿಮದ್ದು. ಸುತ್ತಲಿನ ಹಳ್ಳಿಗಳಿಗೆ ಅದೇ ವರ್ಷದ ದೊಡ್ಡ ರಾತ್ರಿ. ಯಕ್ಷಗಾನದ ತೆಂಕುತಿಟ್ಟಿನಲ್ಲಿ ಎಲ್ಲರೂ ನೆನೆಯುವ ಪ್ರಸಂಗ ಕವಿ ಪಾರ್ತಿಸುಬ್ಬ ಇದೇ ಕುಂಬಳೆಯವನು. ಆರಿಕ್ಕಾಡಿಯ ಹಳೆ ಕೋಟೆ ಇದೆ. ಸ್ವಲ್ಪ ದೂರದಲ್ಲಿ ಅನಂತಪುರ, ಕೆರೆಯ ನಡುವಿನ ದೇವಸ್ಥಾನ. ಅಲ್ಲಿನ ಬಬಿಯ ಎಂಬ ಮೊಸಳೆಗೆ ಅನ್ನ ನೈವೇದ್ಯ ಹಾಕುವುದನ್ನು ನೋಡಲು ಶಾಲೆಯಿಂದ ಕರೆದುಕೊಂಡು ಹೋಗಿದ್ದರು. 2022ರ ಅಕ್ಟೋಬರಿನಲ್ಲಿ ಅದು ಸತ್ತಾಗ ಊರಿಂದ ಬಂದ ಫೋನಿನಲ್ಲಿ ಅಕ್ಕ ಮೊದಲು ಹೇಳಿದ ಸುದ್ದಿ ಅದೇ.

ಈಗ ಬೋರ್ಡಿನ ವಿಷಯ. ಮಾಮ್ ಅಂಗಡಿಯ ಬಾಗಿಲ ಮೇಲೆ ಒಂದು ಮರದ ಬೋರ್ಡಿತ್ತು. ಅವರ ತಂದೆಯ ಕಾಲದ್ದು. ಮೇಲೆ ಅಂಗಡಿಯ ಹೆಸರು, ಕೆಳಗಿನ ಸಾಲಿನಲ್ಲಿ ಊರು, ಜಿಲ್ಲೆ. ಜಗಲಿಯಲ್ಲಿ ಕೂತು ಬೆಳಗಿನ ಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಕೆಳಗಿನ ಸಾಲಿನ ಬಣ್ಣದ ಅಡಿಯಲ್ಲಿ ಇನ್ನೊಂದು ಸಾಲು ಉಬ್ಬಿ ಕಾಣುತ್ತಿತ್ತು. ಮೊದಲು ಬರೆದಿದ್ದದ್ದು ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಅದರ ಮೇಲೆ ಕಣ್ಣೂರು ಜಿಲ್ಲೆ ಅಂತ ಬರೆಸಿದರು. 1967ರಲ್ಲಿ, ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದಿತು. ಕುಂಬಳೆ ಆ ಭಾಗದಲ್ಲೇ ಇದೆ. ಈಗ ಬದಲಾಗುತ್ತದೆ, ಆಗ ಬದಲಾಗುತ್ತದೆ ಅಂತ ಹಿರಿಯರು ಅದೇ ಜಗಲಿಯಲ್ಲಿ ಕೂತು ಕಾದರು. ಬದಲಾಗಲಿಲ್ಲ. 1984ರ ಮೇ 24ಕ್ಕೆ ಕಾಸರಗೋಡೇ ಒಂದು ಜಿಲ್ಲೆ ಆಯಿತು. ಆ ವರ್ಷ ಮಳೆಗಾಲ ಮುಗಿದ ಮೇಲೆ ಪೇಂಟರ್ ಸ್ಟೂಲಿನ ಮೇಲೆ ನಿಂತು ಮೂರನೇ ಸಲ ಬರೆದದ್ದನ್ನು ನಾನೇ ನೋಡಿದ್ದೇನೆ. ಕನ್ನಡದಲ್ಲಿ ಬರೆದು, ಅದರ ಅಡಿಯಲ್ಲಿ ಸಣ್ಣದಾಗಿ ಮಲಯಾಳಂ. ಅಂಗಡಿ ಮಾತ್ರ ಇದ್ದಲ್ಲೇ ಇತ್ತು.

ಈಗ ಆ ಸಾಲು ಅಂಗಡಿಗಳಿಲ್ಲ. ರಾಷ್ಟ್ರೀಯ ಹೆದ್ದಾರಿ 66 ಆರು ಪಥ ಆಗುವಾಗ ತಲಪಾಡಿಯಿಂದ ಈಚೆಗೆ ರಸ್ತೆ ಬದಿಯ ಎಷ್ಟೋ ಕಟ್ಟಡಗಳು ಹೋದವು. ಮೊದಲೇ ಕಾಕ ತೀರಿಕೊಂಡಿದ್ದರು, ಚಾ ಅಂಗಡಿ ಮೊಬೈಲ್ ಅಂಗಡಿ ಆಗಿತ್ತು. ಕಳೆದ ಸಲ ಊರಿಗೆ ಹೋದಾಗ ಮಾಮ್ ಅವರ ಮಗನನ್ನು ನೋಡಲು ಮನೆಗೆ ಹೋದೆ. ಬೋರ್ಡು ಚಾವಡಿಯ ಗೋಡೆಗೆ ಒರಗಿಸಿ ಇಟ್ಟಿದ್ದರು. ಕೆಳಗಿನ ಸಾಲಿನ ಬಣ್ಣ ಅಲ್ಲಲ್ಲಿ ಎದ್ದು, ಕಾಸರಗೋಡಿನ ನಡುವೆ ಕಣ್ಣೂರಿನ ಕೊಂಬು, ಅದರ ಅಡಿಯಲ್ಲಿ ದಕ್ಷಿಣದ ದ ಕಾಣುತ್ತಿತ್ತು. ಸರ್ವಿಸ್ ರಸ್ತೆಯ ಪಕ್ಕ ಹೊಸ ಅಂಗಡಿ ತೆರೆಯುವುದಕ್ಕಿದೆ, ಇದನ್ನೇ ಹಾಕುತ್ತೇನೆ ಅಂದರು. ಪೇಂಟರ್ ಬಂದು ನೋಡಿ ಹೋಗಿದ್ದಾನಂತೆ. ಮೇಲಿನ ಹೆಸರು ಮಾತ್ರ ಹೊಸ ಬಣ್ಣದಲ್ಲಿ ತಿದ್ದು, ಕೆಳಗಿನ ಸಾಲು ಮುಟ್ಟಬೇಡ ಅಂತ ಹೇಳಿದ್ದಾರೆ.