ತೂಕ ಇಳಿಸುವ ಆಪರೇಷನ್ ಖರ್ಚಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆಯೇ?

ನೀವು ಕೊಟ್ಟ ವಿವರ ಇಷ್ಟು: ವಯಸ್ಸು 44, ಶಿವಮೊಗ್ಗದಲ್ಲಿ ಖಾಸಗಿ ಕಂಪನಿ ನೌಕರಿ, ವರ್ಷಕ್ಕೆ 11.75 ಲಕ್ಷ ಸಂಬಳ, ತೀರ್ಥಹಳ್ಳಿ ಹತ್ತಿರದ ತೋಟದ ಅಡಿಕೆಯಿಂದ 5 ಲಕ್ಷ. ಎತ್ತರ 165 ಸೆಂ.ಮೀ., ತೂಕ 112 ಕೆ.ಜಿ. ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತಿಲ್ಲ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ವೈದ್ಯರು ಸ್ಲೀವ್ ಆಪರೇಷನ್ (ಹೊಟ್ಟೆಯ ಚೀಲವನ್ನು ಕತ್ತರಿಸಿ ಚಿಕ್ಕದು ಮಾಡುವುದು) ಹೇಳಿದ್ದಾರೆ, ಅಂದಾಜು 4.5 ಲಕ್ಷ. ಅಮೆರಿಕದಲ್ಲಿರುವ ಅಣ್ಣ ‘ಡಾಕ್ಟರು ಬರೆದುಕೊಟ್ಟರೆ ತೆರಿಗೆಯಲ್ಲಿ ಕಳೆಯಬಹುದು’ ಎಂದಿದ್ದಾರೆ. ಮನೆಯಲ್ಲಿ 66 ವರ್ಷದ ಅಮ್ಮನಿಗೆ ಆರೋಗ್ಯ ವಿಮೆ ಇಲ್ಲ.

ನೇರ ಉತ್ತರ: ನಿಮ್ಮ ಆಪರೇಷನ್ ಬಿಲ್ಲಿಗೆ ನಮ್ಮ ಕಾಯ್ದೆಯಲ್ಲಿ ಕಡಿತ ಇಲ್ಲ. ನಿಮ್ಮ ಅಣ್ಣ ಹೇಳಿದ್ದು ಸುಳ್ಳಲ್ಲ, ಅದು ಅವರ ದೇಶದ ನಿಯಮ. ಅಲ್ಲಿ ವೈದ್ಯರು ಗುರುತಿಸಿದ ಕಾಯಿಲೆಗಾಗಿ ತೂಕ ಇಳಿಸಿಕೊಂಡರೆ ಆ ಖರ್ಚು ವೈದ್ಯಕೀಯ ವೆಚ್ಚವಾಗುತ್ತದೆ. ಅಲ್ಲೂ ಪೂರ್ತಿ ಸಿಗುವುದಿಲ್ಲ, ಹೊಂದಾಣಿಕೆಯಾದ ಒಟ್ಟು ಆದಾಯದ ಶೇ. 7.5ನ್ನು ದಾಟಿದ ಭಾಗ ಮಾತ್ರ. ಇಲ್ಲಿ 60 ದಾಟದವರ ಆಸ್ಪತ್ರೆ ಖರ್ಚಿಗೆ ಅಂಥ ಸಾಮಾನ್ಯ ಕಡಿತವೇ ಇಲ್ಲ. ಹಾಗಂತ ದುಡ್ಡು ಉಳಿಸುವ ದಾರಿ ಇಲ್ಲವೆಂದಲ್ಲ. ನಿಮಗೆ ಮೂರು ದಾರಿ ಕಾಣುತ್ತವೆ: ವಿಮೆ, ಕಂಪನಿ, ತೋಟದ ಲೆಕ್ಕ.

ಕೆಳಗಿನ ಲೆಕ್ಕವೆಲ್ಲ 2025-26ನೇ ಆರ್ಥಿಕ ವರ್ಷದ್ದು, ಸೆಕ್ಷನ್ ಸಂಖ್ಯೆಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಅನ್ವಯಿಸುವ ಹೊಸ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆ.

ಮೊದಲು ಒಂದು ಎಚ್ಚರಿಕೆ. ‘80ಡಿಡಿಬಿಯಲ್ಲಿ ಹಾಕಿಬಿಡೋಣ, ಯಾರು ನೋಡ್ತಾರೆ’ ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. 80ಡಿಡಿಬಿ ಸೆಕ್ಷನ್ ಚಿಕಿತ್ಸೆಯ ಖರ್ಚಿಗೆ ಕಡಿತ ಕೊಡುವುದು ಪಟ್ಟಿ ಮಾಡಿದ ಕಾಯಿಲೆಗಳಿಗೆ ಮಾತ್ರ: ಕ್ಯಾನ್ಸರ್, ಏಡ್ಸ್, ಕಿಡ್ನಿಯ ದೀರ್ಘಕಾಲದ ವೈಫಲ್ಯ, ಹಿಮೋಫಿಲಿಯಾ, ಥಲಸ್ಸೇಮಿಯಾ, ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ತಂದ ಕೆಲವು ನರರೋಗ. ಬೊಜ್ಜು ಆ ಪಟ್ಟಿಯಲ್ಲಿಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ಈಗ ರಿಟರ್ನ್ ಫಾರಂನಲ್ಲಿ ಕಾಯಿಲೆಯ ಹೆಸರನ್ನೇ ಆರಿಸಬೇಕು, 80ಡಿ (ಆರೋಗ್ಯ ವಿಮೆಯ ಕಂತಿಗೆ ಸಿಗುವ ಕಡಿತ) ಹಾಕಿದರೆ ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ ಕೊಡಬೇಕು. ಇಲ್ಲದ ಕಾಯಿಲೆ ತೋರಿಸಿ ಸಿಕ್ಕಿಬಿದ್ದರೆ ತಪ್ಪು ವರದಿಯ ದಂಡ ತಪ್ಪಿಸಿದ ತೆರಿಗೆಯ ಶೇ. 200ರವರೆಗೆ ಹೋಗುತ್ತದೆ.

80ಡಿಯಲ್ಲಿ ಸಿಗುವುದು ವಿಮಾ ಕಂತಿಗೆ: ನಿಮಗೆ, ಸಂಗಾತಿಗೆ, ಮಕ್ಕಳಿಗೆ ಸೇರಿ 25,000. ಅಮ್ಮನಿಗೆ 60 ದಾಟಿದೆ, ವಿಮೆ ಇಲ್ಲ, ಹಾಗಾಗಿ ಅವರ ಚಿಕಿತ್ಸೆಯ ಖರ್ಚನ್ನೇ 50,000ದವರೆಗೆ ತೋರಿಸಬಹುದು. ಅವರು ನಿಮ್ಮ ಮೇಲೆ ಅವಲಂಬಿತರಾಗಿರಬೇಕೆಂದೇನೂ ಇಲ್ಲ, ಆದರೆ ದುಡ್ಡು ನಿಮ್ಮ ಖಾತೆಯಿಂದ ಯುಪಿಐ, ಕಾರ್ಡ್ ಅಥವಾ ಚೆಕ್ಕಿನಲ್ಲಿ ಹೋಗಿರಬೇಕು. ನಗದಿಗೆ ಕಡಿತವಿಲ್ಲ. ಮುಂಜಾಗ್ರತಾ ತಪಾಸಣೆಯ 5,000 ಒಂದಕ್ಕೆ ಮಾತ್ರ ನಗದು ನಡೆಯುತ್ತದೆ, ಅದೂ ಮೇಲಿನ ಮಿತಿಯೊಳಗೇ.

ಇದೆಲ್ಲ ಸಿಗುವುದು ಹಳೇ ತೆರಿಗೆ ಪದ್ಧತಿಯಲ್ಲಿ (ಕಡಿತಗಳು ಹೆಚ್ಚು, ದರವೂ ಹೆಚ್ಚು) ಮಾತ್ರ. ಅದಕ್ಕಾಗಿ ಹಳೇ ಪದ್ಧತಿಗೆ ಹೋಗುವುದು ನಿಮಗೆ ಲಾಭವೇ? ಲೆಕ್ಕ ಹಾಕೋಣ. ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ನಿಮ್ಮ ಆದಾಯ 11 ಲಕ್ಷ. ‘12 ಲಕ್ಷದವರೆಗೆ ತೆರಿಗೆ ಇಲ್ಲ’ ಎಂದು ನೆಮ್ಮದಿಯಾಗಿರಬೇಡಿ. ಅಡಿಕೆ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ, ದರ ನಿಗದಿ ಮಾಡಲು ಅದನ್ನು ಕೂಡಿಸುತ್ತಾರೆ. 11 ಲಕ್ಷ, 5 ಲಕ್ಷ ಸೇರಿ 16 ಲಕ್ಷಕ್ಕೆ ತೆರಿಗೆ 1,20,000. ತೋಟದ 5 ಲಕ್ಷಕ್ಕೆ ಮೂಲ ವಿನಾಯಿತಿಯ 4 ಲಕ್ಷ ಸೇರಿಸಿ 9 ಲಕ್ಷಕ್ಕೆ ತೆರಿಗೆ 30,000. ವ್ಯತ್ಯಾಸ 90,000, ಅದೇ ನಿಮ್ಮ ತೆರಿಗೆ. 12 ಲಕ್ಷದೊಳಗಿನವರಿಗೆ ತೆರಿಗೆಯಲ್ಲಿ ಸಿಗುವ ರಿಯಾಯಿತಿ ಹೆಚ್ಚೆಂದರೆ 60,000. ಉಳಿದ 30,000ಕ್ಕೆ ಸೆಸ್ ಸೇರಿ 31,200 ಕಟ್ಟಬೇಕು. ಮಲೆನಾಡಿನಲ್ಲಿ ಸಂಬಳ, ತೋಟ ಎರಡೂ ಇರುವವರು ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಹಳೇ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, 80ಸಿ (ಪಿಎಫ್, ಜೀವವಿಮೆಯಂಥ ಉಳಿತಾಯ) 1.5 ಲಕ್ಷ, 80ಡಿ 75,000 ಎಲ್ಲ ಕಳೆದರೆ ಆದಾಯ 9 ಲಕ್ಷ. ಆದರೂ ಅಡಿಕೆ ಸೇರಿಸಿ ಲೆಕ್ಕ ಹಾಕಿದರೆ ತೆರಿಗೆ 1,70,000, ಸೆಸ್ ಸೇರಿ 1,76,800. ಆ 75,000 ಕಡಿತದಿಂದ ಉಳಿಯುವುದು 23,400, ಅದಕ್ಕಾಗಿ ಹೊರುವ ಹೆಚ್ಚುವರಿ ಹೊರೆ ಲಕ್ಷ ದಾಟುತ್ತದೆ. ದೊಡ್ಡ ಗೃಹಸಾಲದ ಬಡ್ಡಿಯೋ ಮನೆ ಬಾಡಿಗೆ ಭತ್ಯೆಯೋ ಇದ್ದರೆ ಮತ್ತೊಮ್ಮೆ ಲೆಕ್ಕ ಹಾಕಿ. ಇಲ್ಲದಿದ್ದರೆ ಹೊಸ ಪದ್ಧತಿಯಲ್ಲೇ ಇರಿ.

ಇನ್ನು ತೋಟದ ಲೆಕ್ಕ. ನೀವು ಹೇಳಿದ 5 ಲಕ್ಷ ಮಂಡಿ ಪಟ್ಟಿಯ ಮೊತ್ತವೋ, ಖರ್ಚು ಕಳೆದು ಉಳಿದದ್ದೋ? ದರಕ್ಕೆ ಸೇರುವುದು ನಿವ್ವಳ ಆದಾಯ. ಅಡಿಕೆ ಗೊನೆ ಕೊಯ್ಲಿನ ಕೂಲಿ, ಸುಲಿಸಿದ ಕೂಲಿ, ಗೊಬ್ಬರ, ಕೊಳೆ ರೋಗಕ್ಕೆ ಹೊಡೆದ ಬೋರ್ಡೋ ಔಷಧಿ ಎಲ್ಲ ಕಳೆಯಬೇಕು. ಆ ಖರ್ಚು 2 ಲಕ್ಷವಿದ್ದು ನಿವ್ವಳ 3 ಲಕ್ಷವಾದರೆ ಮೇಲಿನ 31,200 ಅರ್ಧಕ್ಕೆ ಇಳಿದು 15,600 ಆಗುತ್ತದೆ. ಆಪರೇಷನ್ ಬಿಲ್ಲಿನಿಂದ ಸಿಗದ ಉಳಿತಾಯ ಕೂಲಿ ಬರೆದಿಟ್ಟ ಪುಸ್ತಕದಿಂದ ಸಿಗುತ್ತದೆ. ಕೃಷಿ ಆದಾಯ 5,000 ದಾಟಿದರೆ ರಿಟರ್ನಿಗೆ ಐಟಿಆರ್-1 ಫಾರಂ ನಡೆಯದು, ಐಟಿಆರ್-2 ಬೇಕು.

ನಿಜವಾದ ದೊಡ್ಡ ಮೊತ್ತ ಇರುವುದು ವಿಮೆಯಲ್ಲಿ. ಪಾಲಿಸಿಗಳಲ್ಲಿ ಬೊಜ್ಜಿನ ಚಿಕಿತ್ಸೆ ಹೊರಗಿಡುವ ಷರತ್ತು ಇರುತ್ತದೆ, ಅದರ ಸಂಕೇತ ‘Excl06’. ಆದರೆ ಅದೇ ಷರತ್ತು ಯಾವಾಗ ಹಣ ಕೊಡಬೇಕೆಂದೂ ಹೇಳುತ್ತದೆ: ವೈದ್ಯರ ಸಲಹೆ ಇರಬೇಕು, ಚಿಕಿತ್ಸಾ ನಿಯಮಗಳ ಬೆಂಬಲ ಇರಬೇಕು, ವಯಸ್ಸು 18 ಆಗಿರಬೇಕು, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 40 ಅಥವಾ ಹೆಚ್ಚಿರಬೇಕು. ಇಲ್ಲವೇ 35 ಅಥವಾ ಹೆಚ್ಚಿದ್ದು, ಜೊತೆಗೆ ಬೊಜ್ಜಿನಿಂದಾದ ಹೃದಯ ಸ್ನಾಯುವಿನ ಕಾಯಿಲೆ, ಹೃದಯ ರಕ್ತನಾಳದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವುದು), ಹತೋಟಿ ತಪ್ಪಿದ ಟೈಪ್ 2 ಸಕ್ಕರೆ ಕಾಯಿಲೆ, ಇವುಗಳಲ್ಲಿ ಒಂದಿರಬೇಕು, ಸರಳ ಚಿಕಿತ್ಸೆಗಳು ಫಲ ಕೊಟ್ಟಿರಬಾರದು. ನಿಮ್ಮ 112 ಕೆ.ಜಿ.ಯನ್ನು 1.65ರ ವರ್ಗದಿಂದ ಭಾಗಿಸಿದರೆ 41.1. ನೀವು ಮೊದಲ ಮಿತಿಯಲ್ಲೇ ಬರುತ್ತೀರಿ.

ಇಲ್ಲೊಂದು ತೊಡಕಿದೆ. ಏಷ್ಯಾದವರಿಗೆ ಬಿಎಂಐ 27.5ರಿಂದಲೇ ಈ ಶಸ್ತ್ರಚಿಕಿತ್ಸೆ ಸೂಚಿಸಬಹುದೆಂದು 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ವೈದ್ಯರು ಅದನ್ನು ನೋಡಿ ಬರೆಯುತ್ತಾರೆ, ವಿಮೆಯವರು ತಮ್ಮ 40, 35 ನೋಡುತ್ತಾರೆ. ಆದ್ದರಿಂದ ಆಪರೇಷನ್‌ಗೆ ಮುಂಚಿನ ಆಹಾರ ಪಥ್ಯದಲ್ಲಿ ತೂಕ ಇಳಿಯುವ ಮೊದಲೇ ಎತ್ತರ, ತೂಕ, ದಿನಾಂಕ ವೈದ್ಯರ ಚೀಟಿಯಲ್ಲಿ ದಾಖಲಾಗಲಿ. ನಿದ್ರಾ ಪರೀಕ್ಷೆಯ ವರದಿ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಫಲಿತಾಂಶಗಳು, ಪಥ್ಯ ಮತ್ತು ಮಾತ್ರೆ ಪ್ರಯತ್ನಿಸಿದ ತಿಂಗಳುಗಳ ಚೀಟಿಗಳು ಕಡತದಲ್ಲಿರಲಿ. ಶಸ್ತ್ರಚಿಕಿತ್ಸಕರ ಪತ್ರದಲ್ಲಿ ‘ತೂಕ ಇಳಿಸಲು’ ಎಂದಷ್ಟೇ ಇದ್ದರೆ ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತದೆ. ಯಾವ ಕಾಯಿಲೆಗೆ, ಏನೇನು ಮಾಡಿ ಫಲ ಸಿಗಲಿಲ್ಲ, ಅದಕ್ಕೇ ಈ ಆಪರೇಷನ್ ಎಂದು ಇರಬೇಕು.

ಪಾಲಿಸಿ ಮಾಡುವಾಗ ಸಕ್ಕರೆ ಕಾಯಿಲೆ ಮುಚ್ಚಿಟ್ಟಿದ್ದರೆ ಅದೇ ತಿರಸ್ಕಾರಕ್ಕೆ ಕಾರಣವಾಗುತ್ತದೆ. ಹೊಸದಾಗಿ ಮಾಡಿಸುವುದಾದರೆ ಮೊದಲೇ ಇದ್ದ ಕಾಯಿಲೆಗೆ 36 ತಿಂಗಳವರೆಗೆ ಕಾಯಬೇಕಾಗಬಹುದು. ಹಾಗಾಗಿ ನಿಮ್ಮ ಕಂಪನಿಯ ಗ್ರೂಪ್ ಪಾಲಿಸಿಯನ್ನು ಮೊದಲು ತೆಗೆಸಿ ಓದಿ. ಅನೇಕ ಗ್ರೂಪ್ ಪಾಲಿಸಿಗಳಲ್ಲಿ ಆ ಕಾಯುವಿಕೆ ಇರುವುದಿಲ್ಲ.

ವಿಮೆ ಕೊಟ್ಟು ಉಳಿದದ್ದನ್ನು ಕಂಪನಿಯೇ ಭರಿಸುವಂತಿದ್ದರೆ ಕಂಪನಿ ಕೊಡುವ ಸೌಲಭ್ಯದಲ್ಲಿ ಯಾವುದು ಸಂಬಳಕ್ಕೆ ಸೇರುತ್ತದೆಂದು ಹೇಳುವ ಸೆಕ್ಷನ್ 17(2) ನೆನಪಿಡಿ. ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಗೆ, ಉದಾಹರಣೆಗೆ ನಮ್ಮ ಮೆಗ್ಗಾನ್‌ನಲ್ಲಾದ ಖರ್ಚಿಗೆ, ಕಂಪನಿ ಕೊಟ್ಟ ಹಣ ನಿಮ್ಮ ಸಂಬಳಕ್ಕೆ ಸೇರುವುದಿಲ್ಲ. ಖಾಸಗಿ ಆಸ್ಪತ್ರೆಯಾದರೆ ಅದಕ್ಕೆ ಆದಾಯ ತೆರಿಗೆ ಮುಖ್ಯ ಆಯುಕ್ತರ ಅನುಮೋದನೆ ಇರಬೇಕು, ಕಾಯಿಲೆ ಆದಾಯ ತೆರಿಗೆ ನಿಯಮ 3ಎಯ ಪಟ್ಟಿಯಲ್ಲಿರಬೇಕು. ಅಲ್ಲಿ ಬೊಜ್ಜಿನ ಹೆಸರಿಲ್ಲ. ಆದರೆ ಶಸ್ತ್ರಚಿಕಿತ್ಸೆ ಬೇಕಾದ ಜೀರ್ಣಾಂಗ, ಉಸಿರಾಟದ ಅಂಗ, ಅಂತಃಸ್ರಾವಕ ಗ್ರಂಥಿಗಳ ಕಾಯಿಲೆಗಳಿವೆ. ಆಸ್ಪತ್ರೆಯ ಪ್ರಮಾಣಪತ್ರದಲ್ಲಿ ಆಪರೇಷನ್ ಹೆಸರಿನ ಜೊತೆ ಕಾಯಿಲೆಯ ಹೆಸರೂ ಇರಬೇಕೆನ್ನುವುದು ಇದಕ್ಕೇ. ಅನುಮೋದನೆ ಪತ್ರದ ಪ್ರತಿಯನ್ನು ದಾಖಲಾಗುವ ಮುನ್ನವೇ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಲ್ಲಿ ಕೇಳಿ.

ಅಡಿಕೆ ಮಾರಿದ ನಗದನ್ನು ಚೀಲದಲ್ಲಿಟ್ಟುಕೊಂಡು ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಬೇಡಿ. ಒಂದು ಚಿಕಿತ್ಸೆಗೆ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯಲು ಕಾಯ್ದೆಯ ಸೆಕ್ಷನ್ 269ಎಸ್‌ಟಿ ಬಿಡುವುದಿಲ್ಲ, ದಂಡ ಪಡೆದವರ ಮೇಲೆ ಬೀಳುತ್ತದೆ. ಮೂರು ದಿನಕ್ಕೆ ಹಂಚಿ ಕೊಟ್ಟರೂ ಚಿಕಿತ್ಸೆ ಒಂದೇ, ಆದ್ದರಿಂದ ಆಸ್ಪತ್ರೆ ಒಪ್ಪುವುದಿಲ್ಲ. ಮಂಡಿಯಿಂದ ಹಣ ಖಾತೆಗೇ ಬರಲಿ. ಅಣ್ಣ ಸಹಾಯ ಮಾಡುವುದಾದರೆ ಅವರೂ ಬ್ಯಾಂಕಿಗೇ ಕಳಿಸಲಿ. ಒಡಹುಟ್ಟಿದವರ ಉಡುಗೊರೆಗೆ ಇಲ್ಲಿ ತೆರಿಗೆ ಇಲ್ಲ.

ಮನೆಗೆ ಬಂದ ಮೇಲೂ ಬಿಲ್ಲು ಎಸೆಯಬೇಡಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಈ ಆಪರೇಷನ್ ನಂತರ ನಿಲ್ಲಿಸುವಂಥವಲ್ಲ, ರಕ್ತಪರೀಕ್ಷೆಯೂ ಆಗಾಗ ಇರುತ್ತದೆ. ಇವಕ್ಕೆ ತೆರಿಗೆಯಲ್ಲಿ ಏನೂ ಸಿಗದು, ಆದರೆ ಬಿಡುಗಡೆಯ ನಂತರದ 60 ಅಥವಾ 90 ದಿನಗಳ ಖರ್ಚನ್ನು ಅನೇಕ ಪಾಲಿಸಿಗಳು ಕೊಡುತ್ತವೆ. ನಿಮ್ಮದರಲ್ಲಿ ಎಷ್ಟು ದಿನವಿದೆ ನೋಡಿಕೊಂಡು, ವೈದ್ಯರ ಚೀಟಿಯ ಜೊತೆ ಬಿಲ್ಲುಗಳನ್ನು ಒಟ್ಟಿಗೇ ಕಳಿಸಿ.