ವಿಕ್ಟೋರಿಯಾನ ರೆಕ್ವಿಯಂ: 1583, 1603, 1605, ಯಾವುದು ಸರಿ?

ನಿಮ್ಮ ಕಾರ್ಯಕ್ರಮದ ಹಾಳೆಯಲ್ಲಿ ಈ ಕೃತಿಗೆ ಯಾವ ಇಸವಿ ಹಾಕಬೇಕು ಎಂದು ಕೇಳಿದ್ದೀರಿ. ಸ್ಪೇನಿನ ಸಂಗೀತಗಾರ ತೊಮಾಸ್ ಲುಯಿಸ್ ದೆ ವಿಕ್ಟೋರಿಯಾ ಎರಡು ರೆಕ್ವಿಯಂ (ಸತ್ತವರಿಗಾಗಿ ಹಾಡುವ ಕ್ರೈಸ್ತ ಪ್ರಾರ್ಥನಾ ಸಂಗೀತ) ಬರೆದಿದ್ದಾನೆ. ನಿಮಗೆ ಮೂರು ಇಸವಿ ಸಿಕ್ಕಿದ್ದು ಬಹುಶಃ ಅದಕ್ಕೇ.

ಮೊದಲು ನಿಮ್ಮ ಗಾಯನವೃಂದದ ಸ್ವರಲಿಪಿ ತೆಗೆದು ಮುಖ್ಯ ಭಾಗಗಳಲ್ಲಿ ಎಷ್ಟು ದನಿಗಳಿವೆ ನೋಡಿ. ನಾಲ್ಕಿದ್ದರೆ ಅದು ಆತ ರೋಮ್‌ನಲ್ಲಿದ್ದ ಕಾಲದ್ದು. ಕಾರ್ಯಕ್ರಮದ ಹಾಳೆಯಲ್ಲಿ 1583 ಹಾಕಿ.

ಆರಿದ್ದರೆ ಅದು ಮ್ಯಾಡ್ರಿಡ್‌ನ ಕೊನೆಗಾಲದ ಕೃತಿ. 1587ರಿಂದ ಆತ ಅಲ್ಲಿನ ದೆಸ್ಕಾಲ್ಸಾಸ್ ರಿಯಾಲೆಸ್ ಮಠದಲ್ಲಿ ವಿಧವೆ ಸಾಮ್ರಾಜ್ಞಿ ಮರಿಯಾಳ ಚಾಪ್ಲಿನ್ (ಖಾಸಗಿ ಪಾದ್ರಿ) ಆಗಿದ್ದ. ಆಕೆ ಸ್ಪೇನಿನ ರಾಜ ಎರಡನೇ ಫಿಲಿಪ್‌ನ ತಂಗಿ. 1603ರ ಫೆಬ್ರವರಿಯಲ್ಲಿ ತೀರಿಕೊಂಡಳು. ಅವಳಿಗಾಗಿ ಬರೆದ ಈ ರೆಕ್ವಿಯಂ ಅಚ್ಚಾದದ್ದು 1605ರಲ್ಲಿ. ಅರ್ಪಣೆ ಅದೇ ಮಠದಲ್ಲಿ ಸನ್ಯಾಸಿನಿಯಾಗಿದ್ದ ಅವಳ ಮಗಳು ಮಾರ್ಗರೀಟಾಳಿಗೆ. ಅಚ್ಚಾದ ರೂಪದಲ್ಲೇ 1603ರಲ್ಲಿ ಹಾಡಿದ್ದರಾ ಅನ್ನೋದು ಖಚಿತವಿಲ್ಲ. ಹಾಗಾಗಿ "1603ರಲ್ಲಿ ತೀರಿಕೊಂಡ ಸಾಮ್ರಾಜ್ಞಿಗಾಗಿ, ಪ್ರಕಟಣೆ 1605" ಎಂದು ಹಾಕಿದರೆ ಯಾರೂ ತಕರಾರು ಎತ್ತಲ್ಲ.

"ಕೊನೆಗೆ ಸನ್ಯಾಸಿಯಾದ" ಎಂದು ವಿಕ್ಟೋರಿಯಾ ಬಗ್ಗೆ ಬರೆದಿದ್ದೀರಲ್ಲ, ಆ ಸಾಲು ತೆಗೆದುಬಿಡಿ. ಆತ ಇದ್ದದ್ದು ಸನ್ಯಾಸಿನಿಯರ ಮಠದಲ್ಲಿ, ಪಾದ್ರಿಯಾಗಿ. ಸಾಮ್ರಾಜ್ಞಿ ಹೋದ ಮೇಲೂ ಆರ್ಗನ್ ನುಡಿಸುತ್ತಾ ಅಲ್ಲೇ ಉಳಿದ, 1611ರಲ್ಲಿ ಸತ್ತ. ದೊಡ್ಡ ಹುದ್ದೆಗಳ ಆಸೆ ಬಿಟ್ಟು ಅವನಾಗಿಯೇ ಆರಿಸಿಕೊಂಡ ಬದುಕು ಅದು ಅಂತ ನನಗನ್ನಿಸುತ್ತದೆ.

ಹೆಸರು ಮಾತ್ರ ಪೂರ್ತಿ ಹಾಕಿ, ತೊಮಾಸ್ ಲುಯಿಸ್ ದೆ ವಿಕ್ಟೋರಿಯಾ ಅಂತ. ಇಲ್ಲದಿದ್ದರೆ ಓದುವವರು ಇಂಗ್ಲೆಂಡಿನ ರಾಣಿ ಅಂದುಕೊಳ್ಳುತ್ತಾರೆ.